ಮೇಡಂ ಮಾಡಿಕೊಟ್ಟ ಎಡಗೈ

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬಲಗೈ ಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ಸಿಲ್ವರ್ ನೈಟ್ರೇಟ್ ದ್ರಾವಣ ತಾಗಿದರೆ ಚರ್ಮ ಮೊದಲು ಕಂದಾಗುತ್ತದೆ, ಬಿಸಿಲಿಗೆ ಬಂದ ಮೇಲೆ ಕಪ್ಪಾಗುತ್ತದೆ. ಸೋಪು ಹಚ್ಚಿದರೂ ಹೋಗುವುದಿಲ್ಲ, ನಿಂಬೆಹಣ್ಣು ತಿಕ್ಕಿದರೂ ಹೋಗುವುದಿಲ್ಲ. ಈದ್ ಬಂತು, ಮನೆಯಲ್ಲಿ ಮದುವೆ ಬಂತು ಅಂದರೆ ಮೇಡಂ ಆ ಕಲೆಯ ಮೇಲೆಯೇ ದಟ್ಟಗೆ ಮೆಹಂದಿ ಹಚ್ಚಿಕೊಂಡು ಬರುತ್ತಿದ್ದರು. ದಿನ ಕಳೆದಂತೆ ಮೆಹಂದಿ ಮಾಸಿ, ಅಡಿಯಲ್ಲಿದ್ದ ಕಪ್ಪು ಮತ್ತೆ ಮೇಲೆ ಬರುತ್ತಿತ್ತು. ಆ ಬೆರಳುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗ್ಯಾಸಿನ ತಿರುಪು ಮುಟ್ಟಿ ನೋಡುವುದು, ಆಸಿಡ್ ಬಾಟಲಿಯ ಮುಚ್ಚಳ ಒತ್ತಿ ನೋಡುವುದು. ಲ್ಯಾಬಿಗೆ ಬೀಗ ಹಾಕಿ ಮೆಟ್ಟಿಲು ಇಳಿದವರು ಮತ್ತೆ ಮೇಲೆ ಹತ್ತಿ ಬೀಗ ಜಗ್ಗಿ ನೋಡುತ್ತಿದ್ದರು.

"ಹಾಕೀರಲ್ರಿ ಮೇಡಂ, ನಾನೇ ನೋಡೀನಿ," ಅಂದರೆ, "ಹಾಕೀನಿ ಖರೆ. ಏನರ ಆದ್ರ?" ಎನ್ನುತ್ತಿದ್ದರು.

ಈ 'ಏನರ ಆದ್ರ' ಅವರ ಬಾಯಲ್ಲಿ ಎಷ್ಟು ಬರುತ್ತಿತ್ತೆಂದರೆ, ಆಳಂದದ ನಮ್ಮ ಕಾಲೇಜಿನ ಹುಡುಗರು ಅವರಿಗೆ ಅದನ್ನೇ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. ಅವರು ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬುದು ಪ್ರತಿ ವರ್ಷವೂ ಅವರ ತಲೆಯ ಮೇಲೆ ಇರುತ್ತಿತ್ತು. ಪ್ರಿನ್ಸಿಪಾಲರ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಕೂತಲ್ಲಿಂದ ಎದ್ದು ನಿಲ್ಲುವಂಥ ಹೆಣ್ಣುಮಗಳು.

ಇನ್ನು ನನ್ನ ಮಾತು. ನಮ್ಮದು ನಿಂಬರ್ಗಾ. ಅಪ್ಪ, ಅವ್ವ ಬೇರೆ ಮಂದಿಯ ಹೊಲದಲ್ಲಿ ದುಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳುವಾಗ ನಾನು ದನಿ ತಗ್ಗಿಸುವುದಿಲ್ಲ. ಸಣ್ಣವಳಿದ್ದಾಗ ದನದ ಮೇವಿಗೆ ಜೋಳದ ಕಣಕಿ ಕತ್ತರಿಸುವ ಮಷೀನಿಗೆ ಎಡಗೈ ಸಿಕ್ಕಿ ಬೆರಳು ಹೋದವು. ಹೆಬ್ಬೆರಳು ಉಳಿಯಿತು, ಕಿರುಬೆರಳು ಅರ್ಧ ಉಳಿಯಿತು. ಬರೆಯುವ ಕೈ ಬಲಗೈ, ಹಾಗಾಗಿ ಓದಿಗೆ ಏನೂ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಟೈಟ್ರೇಶನ್ ಬಂದಾಗ.

ಅದು ಎರಡು ಕೈಯ ಕೆಲಸ. ಉದ್ದನೆಯ ಬ್ಯುರೆಟ್ ಕೊಳವೆಯ ತಿರುಪನ್ನು ಒಂದು ಕೈಯಿಂದ ಹಿಡಿದು ಹನಿ ಹನಿಯಾಗಿ ದ್ರಾವಣ ಬಿಡಬೇಕು. ಕೆಳಗಿರುವ ಗಾಜಿನ ಫ್ಲಾಸ್ಕನ್ನು ಇನ್ನೊಂದು ಕೈಯಿಂದ ಹಿಡಿದು ತಿರುಗಿಸುತ್ತಲೇ ಇರಬೇಕು. ಬಣ್ಣ ತಿರುಗಿದ ಗಳಿಗೆಗೆ ಸರಿಯಾಗಿ ತಿರುಪು ನಿಲ್ಲಿಸಬೇಕು. ನನ್ನ ಎಡಗೈಗೆ ಫ್ಲಾಸ್ಕಿನ ಕುತ್ತಿಗೆ ಹಿಡಿತಕ್ಕೆ ಬರುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಗೆಳತಿ ಅಲ್ಲಾಡಿಸುತ್ತಿದ್ದಳು, ನಾನು ತಿರುಪು ನೋಡುತ್ತಿದ್ದೆ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಮಾತ್ರ ಬೇರೆ ಊರಿನಿಂದ ಪರೀಕ್ಷಕರು ಬರುತ್ತಾರೆ, ಒಬ್ಬೊಬ್ಬರೇ ಮಾಡಬೇಕು. ಅದರಲ್ಲಿ ನಪಾಸಾದರೆ ಡಿಗ್ರಿ ಇಲ್ಲ. ಆ ವರ್ಷವೆಲ್ಲ ನನಗೆ ಅನ್ನ ರುಚಿಸಲಿಲ್ಲ.

ಮೇಡಂ ನನ್ನನ್ನು ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದರು. ಅವರು ಕೆಟ್ಟವರಲ್ಲ. "ಅದಕ್ಯಾಕ ಇಷ್ಟ್ ಚಿಂತಿ? ಗೆಳತಿ ಒಬ್ಬಾಕಿ ಬಾಜೂಕ ನಿಂತು ಅಲ್ಲಾಡಸ್ಲಿ. ಪರೀಕ್ಷಕರಿಗೆ ನಾ ಹೇಳ್ತೇನಿ," ಅಂದರು. ನನಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದ ಮೇಲೆ ನೋಡಿದರೆ ಮೇಡಂ ಮುಖ ಸಣ್ಣಗಾಗಿತ್ತು.

"ಪಾಸ್ ಆಗ್ತಿ ಬೇ. ಮುಂದ? ನಾಳೆ ಯಾವುದರ ಲ್ಯಾಬಿನ್ಯಾಗ ಕೆಲಸ ಸಿಕ್ತು. ಅಲ್ಲಿಗೂ ಗೆಳತೀನ ಕರಕೊಂಡು ಹೋಗ್ತಿಯೇನು?"

ಆಮೇಲೆ ಅವರೇ ಒಂದು ಯಂತ್ರದ ಮಾತು ತೆಗೆದರು. ದೊಡ್ಡ ಲ್ಯಾಬುಗಳಲ್ಲಿ ಫ್ಲಾಸ್ಕಿನ ಕೆಳಗಿಡುವ ಒಂದು ಯಂತ್ರ ಇರುತ್ತದಂತೆ, ಅದರೊಳಗೆ ಅಯಸ್ಕಾಂತ ತಿರುಗುತ್ತದಂತೆ, ಫ್ಲಾಸ್ಕಿನೊಳಗೆ ಹಾಕಿದ ಕಡ್ಡಿ ತಾನೇ ಗಿರಗಿರ ಸುತ್ತುತ್ತದಂತೆ. ಅದನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ. ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಮೇಡಂ ತಮ್ಮ ಕಪ್ಪು ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತ, "ನಮ್ಮ ತಮ್ಮನ ಅಂಗಡ್ಯಾಗ ಹಳೆ ಕಂಪ್ಯೂಟರ್ ರಾಶಿ ಬಿದ್ದಾವ. ನೋಡೋಣು," ಅಂದರು.

ಮೇಡಂ ತಮ್ಮನದು ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ. ಬಲು ಚೇಷ್ಟೆಯ ಮನುಷ್ಯ. ಸತ್ತ ಕಂಪ್ಯೂಟರಿನಿಂದ ಅಂಗೈಯಗಲದ ಫ್ಯಾನು ಕಳಚಿ ಕೊಟ್ಟ. ಕೆಟ್ಟ ಹಾರ್ಡ್ ಡಿಸ್ಕ್ ಬಿಚ್ಚಿ ಒಳಗಿನ ಅಯಸ್ಕಾಂತ ಕೀಳುವಾಗ ಅವು ಟಪ್ಪನೆ ಒಂದಕ್ಕೊಂದು ಹಾರಿ, ನಡುವೆ ಮೇಡಂ ಬೆರಳಿನ ಚರ್ಮ ಕಚ್ಚಿಕೊಂಡವು.

"ಯಾ ಅಲ್ಲಾ! ಬಿಡಸೋ, ಬಿಡಸೋ!"

"ಬಿಡಸ್ತೇನಿ ತಡಿ ಆಪಾ. ಎಲ್ಲಾದಕ್ಕೂ ಮೊದಲ ಅಂಜತಿ, ಇದಕ್ಯಾಕ ಅಂಜಲಿಲ್ಲ?"

ಫ್ಯಾನಿನ ನಡುವಿನ ಗುಂಡಿಯ ಮೇಲೆ ಎರಡು ಅಯಸ್ಕಾಂತ ಅಂಟಿಸಿದೆವು. ಮೇಲೆ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ನೀರು ಮತ್ತು ನಾವೇ ಮಾಡಿದ ಕಡ್ಡಿ ಹಾಕಿದ ಫ್ಲಾಸ್ಕ್ ಇಟ್ಟೆವು. ಮೊದಲ ಸಲ ಕಡ್ಡಿ ಸುತ್ತಲೇ ಇಲ್ಲ, ಒಂದು ಮೂಲೆಗೆ ಹೋಗಿ ನಡುಗುತ್ತ ನಿಂತಿತು. "ನೋಡು, ಥೇಟ್ ನಿನ್ನಂಗೇ ಅದ," ಎಂದು ತಮ್ಮ ಅಕ್ಕನನ್ನು ಕಾಡಿಸಿದ. ಎರಡೂ ಅಯಸ್ಕಾಂತಗಳ ಒಂದೇ ಧ್ರುವ ಮೇಲೆ ಬಂದಿತ್ತು. ಒಂದನ್ನು ತಿರುವಿ ಅಂಟಿಸಿದ ಮೇಲೆ ಕಡ್ಡಿ ಸುತ್ತಿತು, ಆದರೆ ವೇಗಕ್ಕೆ ಗಾಜಿಗೆ ಬಡಿಯತೊಡಗಿತು. ಹಳೆಯ ಮೊಬೈಲ್ ಚಾರ್ಜರಿಗೆ ಜೋಡಿಸಿದಾಗ ನಿಧಾನವಾಯಿತು. ಅಷ್ಟು ಕಡಿಮೆ ಕರೆಂಟಿಗೆ ಫ್ಯಾನು ತಾನಾಗಿ ಏಳುತ್ತಿರಲಿಲ್ಲ, ಡಬ್ಬಿಯ ಪಕ್ಕದ ಕಿಂಡಿಯಿಂದ ಬೆರಳು ತೂರಿಸಿ ರೆಕ್ಕೆಗೆ ಒಂದು ಚಿಟಿಕೆ ಕೊಡಬೇಕು. ಆಗ ಸುತ್ತುತ್ತಿತ್ತು. ನೀರಿನ ನಡುವೆ ಸಣ್ಣ ಸುಳಿ ಎದ್ದಿತು. ನನ್ನ ಬಲಗೈ ತಿರುಪಿನ ಮೇಲಿತ್ತು, ಎಡಗೈ ಮಡಿಲಲ್ಲಿ ಸುಮ್ಮನಿತ್ತು.

ಇನ್ನು ಗೆದ್ದೆ ಅಂದುಕೊಂಡೆ. ಆಮೇಲೆ ಶುರುವಾಯಿತು ಫಜೀತಿ. ನೇರಳೆ ಬಣ್ಣದ ಪರಮ್ಯಾಂಗನೇಟ್ ದ್ರಾವಣದ ಟೈಟ್ರೇಶನ್ ಮಾಡುವಾಗ ನನ್ನ ರೀಡಿಂಗು ಒಂದಕ್ಕಿಂತ ಒಂದು ಹೆಚ್ಚು ಬರತೊಡಗಿತು. ಅದೇ ದ್ರಾವಣ, ಅದೇ ಅಳತೆ. ಪರೀಕ್ಷೆ ಹತ್ತಿರ ಬಂದಿತ್ತು. ಕೈ ಹೋದಾಕಿಗೆ ಈಗ ಕಣ್ಣೂ ಹೋದವೇನೋ ಅನ್ನಿಸಿ ಅತ್ತುಬಿಟ್ಟೆ. ಮೇಡಂ ಸಮಾಧಾನ ಮಾಡಲಿಲ್ಲ. ಚಿಮಟಿಗೆಯಿಂದ ಕಡ್ಡಿಯನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅದು ನಾವೇ ಮಾಡಿದ್ದು: ಮೊಳೆಯ ತುಂಡನ್ನು ಪೆನ್ನಿನ ಖಾಲಿ ರೀಫಿಲ್ಲಿನೊಳಗೆ ತೂರಿಸಿ, ಎರಡೂ ತುದಿ ಸುಟ್ಟು ಒತ್ತಿದ್ದೆವು. ಒಂದು ತುದಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು.

"ನಿನ್ನ ಕಣ್ಣ ಸರಿ ಅದಾವ. ಆಸಿಡ್ ಒಳಗ ಹೋಗಿ ಮೊಳಿ ತಿನ್ನಾಕತ್ತದ. ಆ ಕಬ್ಬಿಣನೂ ಬಣ್ಣ ಕುಡೀತದ, ಅದಕ್ಕ ನಿನಗ ಜಾಸ್ತಿ ಹತ್ತಾಕತ್ತದ," ಅಂದವರೇ ಬರ್ನರ್ ಹಚ್ಚಿದರು. ಸಣ್ಣ ಗಾಜಿನ ಕೊಳವೆಯ ಒಂದು ತುದಿ ಕರಗಿಸಿ ಮುಚ್ಚಿ, ಮೊಳೆಯ ತುಂಡು ಇಳಿಸಿ, ಇನ್ನೊಂದು ತುದಿಯನ್ನೂ ಜ್ವಾಲೆಯಲ್ಲಿ ತಿರುಗಿಸುತ್ತ ಮುಚ್ಚಿದರು. ಅಂಜುಬುರುಕ ಬೆರಳುಗಳು ಬೆಂಕಿಯ ಮುಂದೆ ಮಾತ್ರ ಅಲುಗುತ್ತಿರಲಿಲ್ಲ. ಒಂದಲ್ಲ, ಒಂದು ಹಿಡಿ ಮಾಡಿ ಕರವಸ್ತ್ರದಲ್ಲಿ ಗಂಟು ಕಟ್ಟಿದರು. ಇಷ್ಟೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ, ಉತ್ತರ ಗೊತ್ತಿತ್ತು.

"ಕರೆಂಟ್ ಹೋದ್ರ?" ಎಂಬುದು ಅವರ ಮುಂದಿನ ದಿಗಿಲು. ಪವರ್ ಬ್ಯಾಂಕ್ ತಂದೆವು. ಫ್ಯಾನು ತಿನ್ನುವ ಕರೆಂಟು ತೀರಾ ಕಡಿಮೆ. ಏನೂ ಜೋಡಿಸಿಲ್ಲ ಎಂದು ತಿಳಿದು ಪವರ್ ಬ್ಯಾಂಕು ತಾನೇ ಆರಿಹೋಗುತ್ತಿತ್ತು. ಮೇಡಂ ಅವರ ತಮ್ಮ ಅದಕ್ಕೊಂದು ಪುಟ್ಟ ದೀಪವನ್ನೂ ಜೋಡಿಸಿ ಹೊರೆ ಹೆಚ್ಚಿಸಿದ. ಆ ದೀಪವನ್ನು ಮೇಡಂ ಫ್ಲಾಸ್ಕಿನ ಹಿಂದೆ ಇಟ್ಟರು. ತಿರುಪು ನಿಲ್ಲಿಸಬೇಕಾದ ಗಳಿಗೆಯ ಆ ತೆಳು ಗುಲಾಬಿ ಬಣ್ಣ ಈಗ ಮೊದಲಿಗಿಂತ ಚೆನ್ನಾಗಿ ಕಂಡಿತು.

ಪರೀಕ್ಷೆಯ ದಿನ ಮನೆ ಬಿಡುವಾಗ ಅವ್ವ, "ಕೈ ಸೆರಗಿನ್ಯಾಗ ಮುಚ್ಚಿಕೋಬ್ಯಾಡ ಮತ್ತ," ಅಂದಳು.

ಪರೀಕ್ಷಕರು ಗಂಭೀರ ಮುಖದ ಹಿರಿಯರು. ನನ್ನ ಮೇಜಿನ ಮುಂದೆ ನಿಂತು, ಡಬ್ಬಿ, ವೈರು, ದೀಪ ಎಲ್ಲ ನೋಡಿ, "ಏನಿದು? ನಿಮ್ಮ ಪ್ರಿನ್ಸಿಪಾಲರು ಗೆಳತಿ ಸಹಾಯ ಮಾಡ್ತಾಳ ಅಂದಿದ್ರು. ಈ ಆಟಿಗಿ ಸಾಮಾನು ನಾ ಒಪ್ಪಂಗಿಲ್ಲ," ಅಂದರು.

ನಾನು ಮೇಡಂ ಕಡೆ ನೋಡಿದೆ. ಅವರು ಗೋಡೆಗೆ ಅಂಟಿ ನಿಂತಿದ್ದರು. ಮುಗಿಯಿತು ಅಂದುಕೊಂಡೆ.

"ಸರ್," ಅಂದರು ಮೇಡಂ. "ಅದೇ ದ್ರಾವಣ ನಾ ಕೈಲೆ ಮಾಡ್ತೇನ್ರಿ, ಆಕಿ ಇದರ ಮ್ಯಾಲ ಮಾಡ್ತಾಳ. ಎರಡೂ ತಾಳೆ ಆಗ್ಲಿಲ್ಲಂದ್ರ ಆಕಿಗಿ ಸೊನ್ನೆ ಕೊಡ್ರಿ. ನನಗ ಏನ್ ಕೊಡ್ತೀರಿ ಅದನ್ನೂ ಕೊಡ್ರಿ."

ಪರೀಕ್ಷಕರು ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂತರು. ನಾನು ಫ್ಯಾನಿಗೆ ಚಿಟಿಕೆ ಕೊಟ್ಟೆ. ಏಳಲಿಲ್ಲ. ಇನ್ನೊಮ್ಮೆ ಕೊಟ್ಟೆ, ಎದ್ದಿತು. ಹನಿ ಬಿಡುತ್ತ ಹೋದೆ. ಪಕ್ಕದಲ್ಲಿ ಮೇಡಂ ತಮ್ಮ ತಿರುಪನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದು ಕಣ್ಣಂಚಿಗೆ ಕಾಣುತ್ತಿತ್ತು. ಅವರ ಫ್ಲಾಸ್ಕು ಒಮ್ಮೆಲೇ ಕಡು ಗುಲಾಬಿಯಾಯಿತು, ಹನಿ ದಾಟಿಹೋಗಿತ್ತು.

"ಮೇಡಂ, ನೀವೇ ನಪಾಸ್ ಆಗಾಕತ್ತೀರಿ," ಅಂದರು ಪರೀಕ್ಷಕರು. ಹುಡುಗರು ನಕ್ಕರು. ಮೇಡಂ ದುಪಟ್ಟಾದಿಂದ ಹಣೆ ಒರೆಸಿಕೊಂಡು, ಫ್ಲಾಸ್ಕ್ ತೊಳೆದು ಮತ್ತೆ ಶುರು ಮಾಡಿದರು. ಆ ಹೊತ್ತಿಗೆ ನನ್ನದು ತೆಳು ಬಣ್ಣಕ್ಕೆ ಬಂದು ನಿಂತಿತ್ತು. ನಾನು ರೀಡಿಂಗು ಬರೆದು ಹಾಳೆ ಬೋರಲು ಹಾಕಿದೆ. ಮೇಡಂ ಫ್ಲಾಸ್ಕಿನಲ್ಲೂ ಕೊನೆಗೆ ಅದೇ ತೆಳು ಬಣ್ಣ ಬಂತು.

ಪರೀಕ್ಷಕರು ಎರಡೂ ಬ್ಯುರೆಟ್ಟಿನ ಮುಂದೆ ಬಗ್ಗಿ ನೋಡಿದರು. ನನ್ನ ಹಾಳೆ ತಿರುವಿ ನೋಡಿದರು. ಎರಡೂ ತಾಳೆಯಾಗಿದ್ದವು, ಸಹಿ ಹಾಕಿದರು. ಹೊರಡುವ ಮುಂಚೆ ಡಬ್ಬಿ ಎತ್ತಿ ಫ್ಯಾನು ನೋಡಿ, "ಹ್ಯಾಂಗ ಮಾಡೀರಿ ಇದನ್ನ? ನಮ್ಮಲ್ಲೂ ಇಲ್ಲ," ಅಂದರು. ಮೇಡಂ ಕರವಸ್ತ್ರ ಬಿಚ್ಚಿ ಅವರಿಗೂ ಒಂದು ಗಾಜಿನ ಕಡ್ಡಿ ಕೊಟ್ಟರು.

ಮುಂದೆ ನನಗೆ ಜೇವರ್ಗಿಯಲ್ಲಿ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಅಲ್ಲಿನವರು ನನ್ನ ಕೈ ನೋಡಿ ಮುಖ ಮುಖ ನೋಡಿಕೊಂಡರು. ನಾನು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಗೆಳತಿ ಬೇಕಾಗಲಿಲ್ಲ.

ಮೇಡಂ ಅವರನ್ನು ಒಂದು ವರ್ಷ ಕಾಲೇಜಿನವರು ಕರೆಯಲಿಲ್ಲ. ಅವರು ಅಂಜಿದಂತೆಯೇ ಆಯಿತು. ಅಫಜಲಪುರದ ಒಂದು ಖಾಸಗಿ ಕಾಲೇಜಿಗೆ ಹೋದರು. ಅಲ್ಲಿಂದ ಫೋನು ಮಾಡಿದರೆ ಮೊದಲ ಮಾತು, "ಪವರ್ ಬ್ಯಾಂಕ್ ಚಾರ್ಜ್ ಮಾಡಿಯಿಲ್ಲೋ?" ಹೋದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತು, ಕಲಬುರಗಿಗೆ ಒಯ್ಯುವಾಗ ದಾರಿಯಲ್ಲೇ ಹೋದರು. ಎಲ್ಲದಕ್ಕೂ ಮೊದಲೇ ಅಂಜಿಟ್ಟುಕೊಳ್ಳುತ್ತಿದ್ದವರಿಗೆ ಇದಕ್ಕೆ ಅಂಜಲು ಪುರಸತ್ತೂ ಸಿಗಲಿಲ್ಲ. ನಾನು ಅವರ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವರ ತಮ್ಮ ಅಂಗಳದಲ್ಲಿ ಕೂತಿದ್ದ. "ಆಪಾನ ಬೆರಳಿನ ಕಪ್ಪು ಕಡೀತನಕ ಹೋಗಲೇ ಇಲ್ಲ ನೋಡ್ರಿ," ಅಂದ.

ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಎಂದು ನೋಡಲು ನಾನು ದಿನಾ ಬಳಸುವುದು ಸಿಲ್ವರ್ ನೈಟ್ರೇಟನ್ನೇ. ಸಂಜೆ ಲ್ಯಾಬಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ ಜಗ್ಗಿ ನೋಡುತ್ತೇನೆ. ಮನೆಗೆ ಹೋದಾಗ ಅವ್ವ ನನ್ನ ಬಲಗೈ ಹಿಡಿದು, "ಇದ್ದೊಂದು ಕೈನೂ ಹೀಂಗ ಕರೇದು ಮಾಡಿಕೊಂಡಿ. ತಿಕ್ಕಿ ತೊಳಕೋಬಾರದೇನು?" ಎನ್ನುತ್ತಾಳೆ.

"ಹೋಗಂಗಿಲ್ಲವ್ವಾ," ಎನ್ನುತ್ತೇನೆ.

ತಿಕ್ಕಿ ನೋಡಿಲ್ಲ ನಾನು.