ವಲಿ ಪಾಷಾ ಹಿಡಿಯದ ಬ್ರಷ್

ಮಾನ್ವಿಯ ವಲಿ ಪಾಷಾನಷ್ಟು ಬ್ರಷ್ ಬಲ್ಲವನನ್ನು ನಾನು ಕಂಡಿಲ್ಲ. ಮೂವತ್ತೈದು ವರ್ಷದಿಂದ ಬಾಗಿಲು, ಮಂಚಗಳಿಗೆ ವಾರ್ನಿಷ್ ಹಚ್ಚಿದ ಕೈ. ಕೂದಲನ್ನು ಅಂಗೈ ಮೇಲೆ ಬಾಗಿಸಿ, "ಇದು ನೈಲಾನ್, ಗೀರು ಬೀಳ್ತಾವ" ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ತನ್ನ ಬ್ರಷ್ಷನ್ನು ಮೇಕೆ ಕೂದಲಿನಿಂದ ತಾನೇ ಕಟ್ಟಿಕೊಳ್ಳುತ್ತಿದ್ದ. ಅಂಥವನಿಗೆ ಬುದ್ಧಿ ಹೇಳಲು ಹೋದವನು ನಾನು, ದೇವದುರ್ಗದ ಬಸವಪ್ರಸಾದ ಮಾಸ್ತರ. ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

ನಮ್ಮ ಗೃಹಪ್ರವೇಶಕ್ಕೆ ನಾಲ್ಕೇ ದಿನ ಉಳಿದಿತ್ತು. ದೇವರಮನೆಯ ಸಾಗವಾನಿ ಬಾಗಿಲು ಅರ್ಧಕ್ಕೇ ನಿಂತಿತ್ತು. ಅವನ ಮೆತ್ತನೆಯ ಬ್ರಷ್ಷಿನಲ್ಲಿ ತೆಳುವಾಗಿ ಮೂರು ಸಲ ಹಚ್ಚಬೇಕು, ತಡ. ನಾನು ರಾಯಚೂರಿಗೆ ಹೋಗಿ, ಅಂಗಡಿಯವನು "ಇದಕ್ಕಿಂತ ಚಲೋದಿಲ್ಲ" ಎಂದ ತುಟ್ಟಿ ಬ್ರಷ್ ತಂದೆ. ಬೀಗರೆಲ್ಲ ನೆರೆದಿದ್ದರು. ಪಾಷಾ ಅದರ ಕೂದಲು ನೋಡುತ್ತಲೇ ಹಿಂದೆ ಸರಿದ.

"ಇರ್ಲಿ ಬಿಡ್ರಿ ಸರ್. ನನ್ನ ಕೈಗೆ ಇದೇ ಹೊಂದ್ಯದ."

"ಏ, ಭಾಳ ಶ್ಯಾಣ್ಯಾ ಆಗಬ್ಯಾಡ. ಹಿಡಿ!" ಎಂದು ಕೈಗೆ ತುರುಕಿದೆ.

ಅವನು ಅದನ್ನು ಮೆಲ್ಲಗೆ ಕೆಳಗಿಟ್ಟು, ನಳದ ಹತ್ತಿರ ಹೋಗಿ ಕೈ ತೊಳೆದ. ಒಂದು ಸಲವಲ್ಲ, ಮತ್ತೆ ಮತ್ತೆ. ನನಗೆ ಪಿತ್ತ ನೆತ್ತಿಗೇರಿತು.

"ನಾ ಕೊಟ್ಟಿದ್ದು ಮುಟ್ಟಿದ್ರ ಕೈ ತೊಳ್ಕೋಬೇಕೇನಲೇ? ನಾವೇನು ಅಷ್ಟು ಹೊಲಸ ಮಂದಿ?"

ಬೀಗರು ನಕ್ಕರು. "ತಪ್ಪಾತ್ರೀ ಸರ್" ಎಂದ ಪಾಷಾ ತನ್ನ ಹಳೇ ಬ್ರಷ್ಷೇ ಹಿಡಿದು, ಹೇಳಿದ ದಿನಕ್ಕೆ ಬಾಗಿಲು ಮುಗಿಸಿ ಹೋದ.

ಗೃಹಪ್ರವೇಶ ಮುಗಿದ ಮೇಲೆ ನನ್ನ ಹೆಂಡತಿ ಕಲ್ಯಾಣಿ ಬ್ರಷ್ಷಿನ ಪಾಕೀಟು ಓದಿದಳು. "ರೀ, ಇವು ಹಂದಿ ಕೂದ್ಲ ಅದಾವ! ಆ ಹಿರಿ ಮನಿಷ್ಯಾಗ ಏನ್ ಮಾಡಿಬಿಟ್ರಿ ನೀವು?"

ಅಯ್ಯೋ ಶಿವನೇ! ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಲೆಂದು ಮರುದಿನವೇ ಮಾನ್ವಿಗೆ ಹೋದೆ. ಪಾಷಾ ಬಾಗಿಲಲ್ಲೇ ಸಿಕ್ಕ.

"ಯಾಕ ಹೇಳಲಿಲ್ಲ ಪಾಷಾ?"

"ದೇವರ ಮನಿ ಮುಂದ, ಬೀಗರ ಮುಂದ ಆ ಹೆಸರು ಹ್ಯಾಂಗ ತೆಗೀಲ್ರಿ ಸರ್? ನಿಮ್ಮದು ಶುಭಕಾರ್ಯ ಇತ್ತು. ಬರ್ರಿ, ಒಳಗ ಬರ್ರಿ."

ಒಳಗೆ ತನ್ನ ಹೆಂಡತಿ ಮುನ್ನೀಬಿಗೆ ನನ್ನನ್ನು ತೋರಿಸಿ, "ಇವ್ರೇ ದೇವದುರ್ಗದ ಸರ್. ನನ್ನ ಭಾಳ ಮರ್ಯಾದಿಲೆ ನೋಡ್ಕೊಂಡ್ರು" ಎಂದ.

ಬೈಸಿಕೊಂಡದ್ದನ್ನು ಮನೆಯಲ್ಲಿ ಹೇಳಿರಲೇ ಇಲ್ಲ. ಆಕೆ ನಗುತ್ತ ಚಹಾ ತಂದುಕೊಟ್ಟಳು. ಇವಳೆದುರು ಕ್ಷಮೆ ಕೇಳಿದರೆ ಪಾಷಾನ ಮಾನ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೋಗುತ್ತಿದ್ದುದು ನನ್ನದು. ಚಹಾ ಕುಡಿದು, ಕಪ್ ಕೆಳಗಿಟ್ಟು, ದೇವದುರ್ಗದ ಬಸ್ ಹತ್ತಿದೆ.