ಗುಂಡುಕಲ್ಲು ಎತ್ತಿದ ಸೋದರತ್ತೆ

ಬ್ಯಾಂಕಾಕಿನಲ್ಲಿ ನಾನು ಮತ್ತು ನನ್ನ ನಾದಿನಿ ಶೈಲಾ ಒಂದೇ ದಿನ ಐದು ಸಲ ಬಟ್ಟೆ ಬದಲಾಯಿಸಿದೆವು. ದೇವಸ್ಥಾನದ ಮುಂದೆ ನೀಲಿ ಕುರ್ತಾ. ದೋಣಿಯಲ್ಲಿ ಹಳದಿ ಟಾಪ್. ಮಾಲ್‌ನಲ್ಲಿ ಜೀನ್ಸ್. ಹಣ್ಣಿನ ಮಾರ್ಕೆಟ್ಟಿನಲ್ಲಿ ಚೂಡಿದಾರ್. ಕೊನೆಗೆ ಹೋಟೆಲ್ಲಿನ ಹೂಕುಂಡದ ಪಕ್ಕ ಜರಿ ಅಂಚಿನ ಸೀರೆ. (ಮಾಲ್‌ನ ಟಾಯ್ಲೆಟ್ ಬಾಗಿಲಲ್ಲಿ ನಿಂತಿದ್ದ ಹೆಂಗಸು ನಮ್ಮನ್ನು ಕಳ್ಳಿಯರು ಎಂದೇ ತಿಳಿದಿರಬೇಕು.)

ಯಾಕೆ ಈ ಕೋತಿಯಾಟ? ಮರುದಿನ ಬೆಳಿಗ್ಗೆ ಶೈಲಾಗೆ ಆಪರೇಷನ್ ಇತ್ತು. ಮನೆಯಲ್ಲಿ ನಾವು ಹೇಳಿ ಬಂದಿದ್ದು ಟೂರ್ ಅಂತ. ಟೂರ್ ಎಂದ ಮೇಲೆ ದಿನಕ್ಕೊಂದು ಫೋಟೋ ಫ್ಯಾಮಿಲಿ ಗ್ರೂಪಿಗೆ ಬೀಳದಿದ್ದರೆ ನಮ್ಮತ್ತೆ ಬಿಡುತ್ತಾರಾ?

ಹಾಗಾಗಿ ಅವಳು ಎರಡೂ ಪಕ್ಕೆಯಿಂದ ಟ್ಯೂಬು ಇಳಿಬಿಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಾನು ಪಕ್ಕದ ಕುರ್ಚಿಯಲ್ಲಿ ಕೂತು "ಇವತ್ತು ಬೋಟಿಂಗ್! ಸಖತ್ ಮಜಾ!" ಎಂದು ಹಳದಿ ಟಾಪಿನ ಫೋಟೋ ಕಳಿಸಿದೆ. ಮೂರನೇ ದಿನ ಅತ್ತೆಯಿಂದ ವಾಯ್ಸ್ ಮೆಸೇಜ್ ಬಂತು. "ಅಲ್ಲಮ್ಮ, ಮೂರು ದಿನದಿಂದ ಒಂದೇ ಓಲೆ ಹಾಕಿದಾಳಲ್ಲ ಶೈಲು, ಬೇರೆ ತಗೊಂಡು ಹೋಗಿಲ್ವಾ?" ಬಟ್ಟೆ ಬದಲಿಸಿದ್ದೆವು, ಓಲೆ ಮರೆತಿದ್ದೆವು. ಶೈಲಾ ನಗಲು ಹೋಗಿ ನೋವಿಗೆ "ಅಮ್ಮಾ" ಎಂದಳು.

ಯಾವ ಆಪರೇಷನ್? ನೇರವಾಗಿಯೇ ಹೇಳುತ್ತೇನೆ, ನೀವು ಕಾಫಿ ಲೋಟ ಕೆಳಗಿಟ್ಟು ಓದಿ. ಶೈಲಾ ಹನ್ನೆರಡು ವರ್ಷದ ಹಿಂದೆ ಎದೆಗೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡಿದ್ದಳು. ಆಗ ಕಂಪನಿ ಕೆಲಸದ ಮೇಲೆ ಎಂಟು ತಿಂಗಳು ಬ್ಯಾಂಕಾಕಿನಲ್ಲೇ ಇದ್ದಳು. ಈಗ ಎಡಗಡೆಯದು ಬಿಗಿದುಕೊಂಡು, ಆಕಾರ ಕೆಟ್ಟು, ಮಗ್ಗುಲಾಗಿ ಮಲಗಲೂ ಆಗದಷ್ಟು ನೋವು. ಎರಡನ್ನೂ ತೆಗೆಸಬೇಕಿತ್ತು.

ಅವಳಿಗೆ ನಲವತ್ತೊಂದು. ಮದುವೆ ಬೇಡ ಎಂದವಳು, ಜೆ.ಪಿ. ನಗರದಲ್ಲಿ ಒಬ್ಬಳೇ ಇದ್ದಾಳೆ. ಒಂದು ಭಾನುವಾರ ನಮ್ಮ ಬನಶಂಕರಿ ಮನೆಗೆ ಬಂದು, ಟೆರೇಸಿನಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದಾಗ ಇದಿಷ್ಟನ್ನೂ ಹೇಳಿದಳು. ನನ್ನ ಕೈಯಲ್ಲಿದ್ದ ಬೆಡ್‌ಶೀಟು ಕೆಳಗೆ ಬಿತ್ತು.

"ಯಾರಾದ್ರೂ ಏನಾದ್ರೂ ಅಂದಿದ್ರಾ ಆಗ? ಯಾವನಾದ್ರೂ?" ಎಂದೆ. ಅಂಕಣ ಬರೆಯುವವಳ ಚಟ ನೋಡಿ, ಎಲ್ಲದಕ್ಕೂ ಒಂದು ಕಾರಣ ಹುಡುಕುವುದು.

"ಯಾರೂ ಅಂದಿಲ್ಲ ಅತ್ತಿಗೆ. ನನಗೆ ಬೇಕಿತ್ತು, ಹಾಕಿಸ್ಕೊಂಡೆ. ಈಗ ಬೇಡ, ತೆಗೆಸ್ತೀನಿ. ನೀವು ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡಿರ್ಲಿಲ್ವಾ?"

(ಹಾಕಿಸಿಕೊಂಡಿದ್ದೆ. ಮೂವತ್ತೆಂಟನೇ ವಯಸ್ಸಿನಲ್ಲಿ.)

"ಇಲ್ಲೇ ಜಯನಗರದಲ್ಲಿ ಮಾಡಲ್ವೇನೇ? ಅಷ್ಟು ದೂರ ಯಾಕೆ?"

"ಅಲ್ಲಿ ನನ್ನ ಹಳೇ ಪೇಪರ್ಸ್ ಎಲ್ಲ ಇದೆ. ಆಮೇಲೆ... ಜಯನಗರದಲ್ಲಿ ಯಾವ ಆಸ್ಪತ್ರೆಗೆ ಹೋದ್ರೂ ಲಿಫ್ಟಲ್ಲಿ ನಮ್ಮೋರು ಒಬ್ಬರು ಸಿಕ್ತಾರೆ ಅತ್ತಿಗೆ. ಅಮ್ಮಂಗೆ ಗೊತ್ತಾದ್ರೆ ಸತ್ತೇ ಹೋಗ್ತಾರೆ. ಜೊತೆಗೆ ಒಬ್ಬರು ಇರಲೇಬೇಕಂತೆ. ನಿಮ್ಮನ್ನ ಬಿಟ್ಟು ಯಾರಿಗೂ ಹೇಳಿಲ್ಲ."

ಅವಳು ಹೇಳಿದ್ದು ಸುಳ್ಳೇನಲ್ಲ. ನಮ್ಮ ಕಡೆ ಒಬ್ಬರು ಅಡ್ಮಿಟ್ ಆದರೆ ಸಂಜೆಯೊಳಗೆ ಮಂಚದ ಸುತ್ತ ಎಂಟು ಜನ. ಎಳನೀರು, ಬ್ರೆಡ್ಡು, ಮೂಸಂಬಿ. ಆಮೇಲೆ ಶುರು: ಏನಾಯ್ತು, ಎಲ್ಲಿ ಕೊಯ್ದರು, ಎಷ್ಟು ಹೊಲಿಗೆ? ಗರ್ಭಕೋಶ ತೆಗೆಸಿದ ಕಥೆಯನ್ನು ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಹೇಳಿ ಮುಗಿಸುವವರು ನಾವು. ಆದರೆ ಎದೆ ಎಂಬ ಮಾತು ಬಂದರೆ? ಮೊದಲು ದನಿ ಇಳಿಯುತ್ತದೆ, ಆಮೇಲೆ ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ಊರೆಲ್ಲ ಹರಡುತ್ತದೆ. ಕಾಯಿಲೆ ಬಂದು ತೆಗೆಸಿದರೆ "ಅಯ್ಯೋ ಪಾಪ". ಆಸೆಪಟ್ಟು ಹಾಕಿಸಿಕೊಂಡು ಈಗ ತೆಗೆಸಿದರೆ? "ಮಾಡಿದ್ದುಣ್ಣೋ ಮಹಾರಾಯ."

ಸರಿ, ಹೊರಟೆವು. ನನ್ನ ಗಂಡನಿಗೂ ಟೂರ್ ಎಂದೇ ಹೇಳಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ಮಾಡುವಾಗ ನರ್ಸು ಚಿತ್ರ ತೋರಿಸಿ ತಿಳಿಸಿ ಹೇಳಿದಳು. ಆರು ವಾರ ಭಾರ ಎತ್ತಬಾರದು. ಕೈ ಭುಜಕ್ಕಿಂತ ಮೇಲೆ ಹೋಗಬಾರದು. ಶೈಲಾಗೆ ಅಳುಕು. "ಅಲ್ಲಿ ಹೋದ್ಮೇಲೆ ಯಾರಾದ್ರೂ ಏನಾದ್ರೂ ಎತ್ತು ಅಂದ್ರೆ?"

"ನಾನಿಲ್ವೇನೇ? ನೀನು ಬಾಯಿ ಬಿಡಬೇಡ. ಹೇಳೋದೆಲ್ಲ ನಾನು ಹೇಳ್ತೀನಿ," ಎಂದೆ. ವಾಪಸ್ಸು ಬರುವಾಗ ವಿಮಾನದಲ್ಲಿ ಅವಳು ನನ್ನ ಭುಜಕ್ಕೆ ಒರಗಿಕೊಂಡು ನಿದ್ದೆ ಮಾಡಿದಳು. ಏರ್‌ಪೋರ್ಟಿನಲ್ಲಿ ಎರಡು ಸೂಟ್‌ಕೇಸೂ ನಾನೇ ಎಳೆದೆ. ಆಮೇಲೆ ದಿನಾ ಬೆಳಿಗ್ಗೆ ಆಟೋ ಹತ್ತಿ ಜೆ.ಪಿ. ನಗರಕ್ಕೆ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ, ಗೊತ್ತು. ಸ್ವಲ್ಪ ತಟ್ಟಿಕೊಳ್ಳಲು ಬಿಡಿ, ಮುಂದೆ ಹೇಳುವುದರಲ್ಲಿ ಅದಕ್ಕೆ ಜಾಗವಿಲ್ಲ.

ನಾವು ಬರುವಷ್ಟರಲ್ಲಿ ಮೈದುನ ಗಿರೀಶನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿತ್ತು. ಗಿರೀಶ ಶೈಲಾಳ ತಮ್ಮ. ಮದುವೆಯಾಗಿ ಒಂಬತ್ತು ವರ್ಷ ಕಾದು ಹುಟ್ಟಿದ ಮಗು. ಆ ಮಗುವಿಗೆ ಇರುವ ಒಬ್ಬಳೇ ಸೋದರತ್ತೆ ಶೈಲಾ. ತೊಟ್ಟಿಲು ಶಾಸ್ತ್ರದಲ್ಲಿ ಸೋದರತ್ತೆಯದೇ ಕಾರುಬಾರು. ಹೋಗದೆ ಇರುವುದು ಹೇಗೆ? ಅವಳು ಬಂದಳು. ಸೀರೆ ಉಟ್ಟು, ಒಳಗೆ ಬಿಗಿಯಾದ ಬ್ಯಾಂಡೇಜು ಬೆಲ್ಟು, ಮೇಲೊಂದು ಶಾಲು. ಆಪರೇಷನ್ ಆಗಿ ಇನ್ನೂ ಮೂರು ವಾರ ತುಂಬಿರಲಿಲ್ಲ.

ಉತ್ತರಹಳ್ಳಿಯಲ್ಲಿ ಗಿರೀಶನ ಫ್ಲ್ಯಾಟು. ಹಾಲ್ ತುಂಬ ಹೆಂಗಸರು. ನಾನು ಸೋಫಾದ ಕೈ ಮೇಲೆ ಕೂತು ಬ್ಯಾಂಕಾಕ್ ಪುರಾಣ ಹೊಡೆಯುತ್ತಿದ್ದೆ. ಹತ್ತದ ದೋಣಿ, ನೋಡದ ಆನೆ, ತಿನ್ನದ ಹಣ್ಣು. ಒಬ್ಬರಾದ ಮೇಲೊಬ್ಬರು "ಆಮೇಲೆ? ಆಮೇಲೆ?" ಎನ್ನುತ್ತಿದ್ದರು. ನಿಮಗೆ ನನ್ನ ಬಾಯಿ ಗೊತ್ತಲ್ಲ? ಕೇಳುವವರಿದ್ದರೆ ನನಗೆ ಊಟ ಬೇಡ.

ಅಷ್ಟರಲ್ಲಿ ಶ್ರೀನಗರದ ದೊಡ್ಡಮ್ಮ, ಅಂದರೆ ನಮ್ಮತ್ತೆಯ ಅಕ್ಕ, ಗುಂಡುಕಲ್ಲು ತರಿಸಿದರು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಒರಳಿನ ಗುಂಡನ್ನು ಹಾಕುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ. ಗುಂಡಿಗೆ ಕುಂಕುಮ ಹಚ್ಚಿ, ಕುಲಾವಿ ಕಟ್ಟಿ, ಗುಂಡಪ್ಪ ಎಂದು ಕರೆದು ಮುದ್ದು ಮಾಡುವುದೂ ಉಂಟು. ತೊಟ್ಟಿಲ ಆ ಕಡೆ ಒಬ್ಬಳು, ಈ ಕಡೆ ಸೋದರತ್ತೆ. ಆ ಕಡೆಯವಳು ತೊಟ್ಟಿಲ ಕೆಳಗಿನಿಂದ ಕೊಡಬೇಕು, ಸೋದರತ್ತೆ ಎತ್ತಿ ತೊಟ್ಟಿಲ ಮೇಲಿನಿಂದ ದಾಟಿಸಬೇಕು. ಮೂರು ಸಲ.

ಮಿಕ್ಸಿ ಬಂದ ಮೇಲೆ ಎಷ್ಟೋ ಮನೆಯಲ್ಲಿ ತೆಂಗಿನಕಾಯಿಯಲ್ಲೇ ಮುಗಿಸುತ್ತಾರೆ. ದೊಡ್ಡಮ್ಮ ಬಿಡುವವರಲ್ಲ. ಅವರ ಮನೆಯ ಹಳೇ ಒರಳಿನ ಗುಂಡು ಆರೇಳು ಕೇಜಿ ಇದೆ.

"ಬಾರೇ ಶೈಲು. ಎತ್ತು."

ಶೈಲಾ ಎದ್ದು ನಿಂತಳು. ಗುಂಡು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ದೊಡ್ಡಮ್ಮ, ಬೇರೆ ಯಾರಾದ್ರೂ..." ಎಂದಳು.

"ಬೇರೆ ಯಾರೇ? ಒಬ್ಬಳೇ ಸೋದರತ್ತೆ ನೀನು. ದೇಶ ಸುತ್ತಿ ಬಂದೋಳಿಗೆ ಒಂದು ಗುಂಡು ಎತ್ತಕ್ಕಾಗಲ್ವಾ?"

ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ದೇಶ ಸುತ್ತಿಸಿದವಳು ನಾನೇ ಅಲ್ಲವೇ? ಈಗ ನಾನು ಹೇಳಬೇಕಿತ್ತು. ನಿಜವನ್ನೇ ಹೇಳಬೇಕು ಅಂತಲೂ ಇರಲಿಲ್ಲ. ಭುಜ ಉಳುಕಿದೆ ಎಂದಿದ್ದರೆ ಸಾಕಿತ್ತು. ಬೆನ್ನು ಹಿಡಿದಿದೆ ಎಂದಿದ್ದರೆ ಸಾಕಿತ್ತು. ಮೂರು ವಾರದಿಂದ ಸುಳ್ಳು ಹೇಳಿ ಪಳಗಿದ ನಾಲಿಗೆಗೆ ಇನ್ನೊಂದು ಸುಳ್ಳು ಯಾವ ಮಹಾ ಕಷ್ಟ?

ಆದರೆ ನನ್ನ ಬಾಯಿಂದ ಬಂದದ್ದು ಇದು: "ಅಯ್ಯೋ ದೊಡ್ಡಮ್ಮ, ಎರಡು ಕೈಯಲ್ಲೂ ಶಾಪಿಂಗ್ ಬ್ಯಾಗು ಹೊತ್ತು ಬ್ಯಾಂಕಾಕೆಲ್ಲ ಓಡಾಡಿದೋಳು ಇವಳು! ಬೇಕಾದ್ರೆ ಗುಂಡಪ್ಪನ ಜೊತೆಗೆ ನಿಮ್ಮನ್ನೂ ಎತ್ತುತಾಳೆ!"

ಹಾಲ್ ಪೂರ್ತಿ ಗೊಳ್ಳೆಂದಿತು. ದೊಡ್ಡಮ್ಮನೂ ನಕ್ಕರು. ನನಗೆ ಖುಷಿಯಾಯಿತು. ಹೌದು, ಆ ಕ್ಷಣ ನನಗೆ ಖುಷಿಯೇ ಆಯಿತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಶೈಲಾ ಮಾತ್ರ ನಗಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು.

ತೊಟ್ಟಿಲ ಆ ಕಡೆ ನಿಲ್ಲುವ ಸರದಿ ನನ್ನದೇ. ದೊಡ್ಡ ಅಣ್ಣನ ಹೆಂಡತಿ ತಾನೆ? ಕೆಳಗಿನಿಂದ ನಾನು ಗುಂಡು ಕೊಟ್ಟೆ. ಅವಳು ಬಗ್ಗಿ ತೆಗೆದುಕೊಂಡು, ಎರಡೂ ಕೈ ಎತ್ತಿ, ತೊಟ್ಟಿಲ ಮೇಲಿನಿಂದ ನನಗೆ ದಾಟಿಸಿದಳು. ಒಂದು ಸಲವಾದ ಮೇಲೆ ನಾನು ನಿಲ್ಲಿಸಬಹುದಿತ್ತು. ಎರಡನೇ ಸಲ ಅವಳ ಮುಖ ಬಿಳಿಚಿತ್ತು, ಆಗಲೂ ನಿಲ್ಲಿಸಬಹುದಿತ್ತು. ಗುಂಡು ನನ್ನ ಕೈಯಲ್ಲೇ ಇತ್ತಲ್ಲ? ಮೂರನೇ ಸಲವೂ ಕೊಟ್ಟೆ. ಹೆಂಗಸರು ಹಾಡುತ್ತಿದ್ದರು.

ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಅವಳು ನೆಟ್ಟಗೆ ಬಾತ್‌ರೂಮಿಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲು ತಟ್ಟಿದೆ. ತೆಗೆದಳು. ರವಿಕೆಯ ಎಡಭಾಗ ಒದ್ದೆಯಾಗಿ ಕೆಂಪಾಗಿತ್ತು.

"ಶೈಲು..." ಎಂದೆ.

"ಕ್ಯಾಬ್ ಬುಕ್ ಮಾಡಿ ಅತ್ತಿಗೆ," ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎಲ್ಲಿಗೆ ಹೋದೆವು? ಇನ್ನೆಲ್ಲಿಗೆ, ಜಯನಗರಕ್ಕೆ. ಯಾವ ಊರಿನ ಆಸ್ಪತ್ರೆ ಬೇಡವೆಂದು ಸಮುದ್ರ ದಾಟಿದ್ದೆವೋ ಅಲ್ಲಿಗೇ. ಡಾಕ್ಟರು ನೋಡಿ, ಒಳಗೆ ರಕ್ತ ಕಟ್ಟಿದೆ, ಮತ್ತೆ ತೆರೆದು ಕ್ಲೀನ್ ಮಾಡಿ ಹೊಲಿಯಬೇಕು ಎಂದರು. ಬ್ಯಾಂಕಾಕಿನ ಕಾಗದಗಳನ್ನೆಲ್ಲ ತಿರುವಿ ಹಾಕಿದರು. "ಅಲ್ಲಿ ನೀಟಾಗೇ ಮಾಡಿದಾರೆ ಮೇಡಂ. ನಾವು ಇಲ್ಲೂ ಮಾಡ್ತೀವಿ, ಮಾಮೂಲಿ ಕೇಸು ಇದು. ಅದಿರಲಿ, ಹೊಲಿಗೆ ಬಿಟ್ಟಿದ್ದು ಹೇಗೆ?"

"ಕಲ್ಲು ಎತ್ತಿದೆ ಡಾಕ್ಟರ್," ಎಂದಳು ಶೈಲಾ.

"ಕಲ್ಲಾ?" ಎಂದು ಅವರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲೆ ಹರಡಿದ್ದ ಕಾಗದ ಜೋಡಿಸತೊಡಗಿದೆ.

ಸಂಜೆಯೊಳಗೆ ಅತ್ತೆ, ನನ್ನ ಗಂಡ, ಗಿರೀಶ, ದೊಡ್ಡಮ್ಮ ಎಲ್ಲರೂ ಬಂದರು. ನಾನು ಕಾರಿಡಾರಿನಲ್ಲಿ ಹೊಸ ಕಥೆ ಕಟ್ಟಿಕೊಂಡು ನಿಂತಿದ್ದೆ. ಗೆಡ್ಡೆ ಇತ್ತು, ಸಣ್ಣದು, ತೆಗೆಸಿದೆವು, ಹೀಗೆ ಏನೋ. ಅವರ ಹಿಂದೆ ಒಳಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಶೈಲಾ ಮಂಚದ ಮೇಲಿಂದಲೇ ನನ್ನನ್ನು ತಡೆದಳು. "ನೀವು ಬೇಡ ಅತ್ತಿಗೆ. ನಾನೇ ಹೇಳ್ತೀನಿ."

ಹೇಳಿದಳು. ಹಾಕಿಸಿದ್ದು, ತೆಗೆಸಿದ್ದು, ಟೂರ್, ಎಲ್ಲ. ಅತ್ತೆ ಸಾಯಲಿಲ್ಲ. ಚೆನ್ನಾಗಿ ಬೈದರು. "ನಿನಗೇನು ಬುದ್ಧಿ ನೆಟ್ಟಗಿತ್ತಾ ಆಗ?" ಎಂದರು. ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಮೆಂತ್ಯದ ಗಂಜಿ ತಂದು ಪಕ್ಕದಲ್ಲಿ ಕೂತು, "ಯಾವ ಕಡೆ ನೋಯ್ತಿದೆ?" ಎಂದು ಕೇಳಿದರು. ದೊಡ್ಡಮ್ಮ ಮಾತ್ರ ಅತ್ತೇಬಿಟ್ಟರು. "ಒಂದು ಮಾತು ಹೇಳಿದ್ರೆ ತೆಂಗಿನಕಾಯಿ ಹಾಕ್ತಿದ್ನಲ್ಲೋ," ಎಂದು ನನ್ನ ಗಂಡನ ಹತ್ತಿರ ನೂರು ಸಲ ಹೇಳಿದರು. ನನ್ನ ಗಂಡ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ.

ಈ ಅಂಕಣಕ್ಕೆ ಶೈಲಾಳ ಒಪ್ಪಿಗೆ ಇದೆ. ಕೇಳಿದ್ದಕ್ಕೆ, "ಬರೀರಿ, ಊರಿಗೆಲ್ಲ ಗೊತ್ತಿರೋದು ತಾನೆ? ಆದ್ರೆ ಆ ಜೋಕನ್ನೂ ಬರೀರಿ. ನೀವು ಅಂದ ಹಾಗೇ ಬರೀರಿ," ಎಂದಳು. ಬರೆದಿದ್ದೇನೆ. ಇಷ್ಟು ವರ್ಷ ಬರೆದ ಜೋಕುಗಳಲ್ಲಿ ನಾನು ಹೊಡೆದುಹಾಕಿ ಮತ್ತೆ ಬರೆದದ್ದು ಅದೊಂದನ್ನೇ.

ನಾವು ಅಷ್ಟು ದೂರ ಹೋಗಿದ್ದು ಜನರ ಬಾಯಿಗೆ ಹೆದರಿ. ದೊಡ್ಡಮ್ಮನ ಬಾಯಿ, ಅತ್ತೆಯ ಬಾಯಿ, ಲಿಫ್ಟಿನಲ್ಲಿ ಸಿಗುವವರ ಬಾಯಿ. ಅವು ಯಾವುವೂ ಅವಳನ್ನು ಏನೂ ಮಾಡಲಿಲ್ಲ. ಮಾಡಿದ್ದು ಅವಳು ನಂಬಿದ್ದ ಬಾಯಿ. ಕ್ಷಮಿಸು ಎಂದು ಮೂರು ಸಲ ಕೇಳಿದೆ. ಮೂರು ಸಲವೂ "ಬಿಡಿ ಅತ್ತಿಗೆ, ಆಯ್ತಲ್ಲ" ಎಂದಳು. ಮುನಿಸಿಲ್ಲ, ಜಗಳವಿಲ್ಲ, ಹಬ್ಬಕ್ಕೆ ಬರುತ್ತಾಳೆ, ಒಬ್ಬಟ್ಟು ತಿಂದು ಹೋಗುತ್ತಾಳೆ.

ಈಗ ಚೆಕಪ್‌ಗೆ ಅತ್ತೆಯವರ ಜೊತೆ ಹೋಗುತ್ತಾಳೆ. ಆಫೀಸಿನಲ್ಲಿ ಇಂಥದೇ ತೊಂದರೆ ಇದ್ದ ಹುಡುಗಿಯೊಬ್ಬಳಿಗೆ ತನ್ನ ಫೈಲನ್ನೇ ಕೊಟ್ಟಳಂತೆ. ಎಡಗೈ ಇನ್ನೂ ಪೂರ್ತಿ ಮೇಲೆ ಹೋಗುವುದಿಲ್ಲವಂತೆ, ರಾತ್ರಿ ಸೆಳೆತ ಬರುತ್ತದಂತೆ, ಕನ್ನಡಿ ನೋಡಿಕೊಳ್ಳಲು ಒಂದೊಂದು ದಿನ ಬೇಜಾರಂತೆ. ಇದೆಲ್ಲ ನನಗೆ ದೊಡ್ಡಮ್ಮ ಹೇಳಿ ಗೊತ್ತು. ಹೌದು, ದೊಡ್ಡಮ್ಮ! ವಾರಕ್ಕೊಮ್ಮೆ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿಕೊಳ್ಳುತ್ತಾಳೆ.

ನಾನೂ ದಿನಾ ಫೋನ್ ಮಾಡುತ್ತೇನೆ. "ಹೇಗಿದೀಯೇ ಶೈಲು?"

ಊರಿಗೆಲ್ಲ ನಿಜ ಹೇಳುವವಳು ನನಗೊಬ್ಬಳಿಗೆ ಮಾತ್ರ "ಚೆನ್ನಾಗಿದೀನಿ ಅತ್ತಿಗೆ" ಎನ್ನುತ್ತಾಳೆ.