ಅಳುವುದಕ್ಕೆ ಅಪಾಯಿಂಟ್‌ಮೆಂಟ್

ಮನೋವೈದ್ಯನ ಮೇಜಿನ ಮೇಲೆ ಸ್ಟೆಥಸ್ಕೋಪು ಇಲ್ಲದಿದ್ದರೂ ನಡೆಯುತ್ತದೆ, ಟಿಶ್ಯೂ ಡಬ್ಬಿ ಇಲ್ಲದಿದ್ದರೆ ನಡೆಯದು. ವಾಷಿಂಗ್ಟನ್ನಿನ ಪಕ್ಕದಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ರೋಗಿಗೆ ಅಳು ಬಂದರೆ ಒಂದು ಹಾಳೆ ಎಳೆದುಕೊಂಡು, ಕಣ್ಣಿನ ಅಂಚಿಗೆ ಮೆತ್ತಗೆ ಒತ್ತಿಕೊಂಡು, ಗಂಟೆ ಮುಗಿಯುವುದರೊಳಗೆ ಮುಗಿಸಬೇಕಿತ್ತು. ಏಕೆಂದರೆ ಹೊರಗೆ ಮುಂದಿನ ದುಃಖ ಪತ್ರಿಕೆ ಓದುತ್ತ ಕೂತಿರುತ್ತಿತ್ತು. ಗೆಳೆಯರೇ, ಆ ದೇಶದಲ್ಲಿ ಕಣ್ಣೀರಿಗೂ ಪಾರ್ಕಿಂಗ್ ಮೀಟರಿನ ಶಿಸ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ದೊರೆಯನ್ನು ಇಳಿಸಿದ ಸೈನ್ಯಕ್ಕೆ ಹೆದರಿ ಇಥಿಯೋಪಿಯಾದಿಂದ ಜನ ಬಂದು ನಮ್ಮ ಸುತ್ತ ನೆಲೆಸತೊಡಗಿದ್ದರು. ಅವರ ಮಾನಸಿಕ ಆರೋಗ್ಯಕ್ಕೂ ಸಾಂಸ್ಕೃತಿಕ ಅಗತ್ಯಗಳಿಗೂ ಆಸ್ಪತ್ರೆ ಒಂದು ಸಮಿತಿ ರಚಿಸಿತು. ಆಫ್ರಿಕಾ ತಜ್ಞನೆಂದು ಮೈಸೂರಿನ ನನ್ನನ್ನು ಅದಕ್ಕೆ ಸೇರಿಸಿದರು.

“ನೀವೂ ಆ ಕಡೆಯವರೇ ತಾನೆ?” ಎಂದಳು ಸಮಿತಿಯ ಕಾರ್ಯದರ್ಶಿ ಕ್ಯಾರಲ್. ಅವಳ ‘ಆ ಕಡೆ’ ಅಟ್ಲಾಂಟಿಕ್‌ನ ಆಚೆ ದಡದಿಂದ ಶುರುವಾಗಿ ಭೂಮಿಯನ್ನೆಲ್ಲ ಸುತ್ತಿ ಬರುತ್ತಿತ್ತು. ಮೈಸೂರಿಗೂ ಆಫ್ರಿಕಾಕ್ಕೂ ನಡುವೆ ಒಂದು ಸಮುದ್ರವೇ ಇದೆ ಎಂದರೆ, ಅದನ್ನು ನನ್ನ ವಿನಯವೆಂದು ಮೆಚ್ಚಿಕೊಂಡಳು.

ನನ್ನ ರೋಗಿಗಳಲ್ಲಿ ಅಲ್ಮಾಜ್ ಎಂಬ ತರುಣಿಯಿದ್ದಳು. ಹೋಟೆಲೊಂದರಲ್ಲಿ ಹಾಸಿಗೆ ಸರಿಮಾಡುವ ಕೆಲಸ; ತನಗೆ ಮಾತ್ರ ನಿದ್ದೆಯಿಲ್ಲ. ಅವಳ ತಮ್ಮ ಅಲ್ಲಿ ಇಥಿಯೋಪಿಯಾದಲ್ಲಿ ಸೆರೆಯಲ್ಲಿದ್ದ. ಒಂದು ದಿನ ಅವಳ ಊರಿನವನೇ ಆದ ಟ್ಯಾಕ್ಸಿ ಚಾಲಕ ತಾದೆಸ್ ನನ್ನ ಕೋಣೆಗೆ ಬಂದ. ಕ್ಯಾರಲ್ ಅಲ್ಲೇ ಇದ್ದಳು.

“ಡಾಕ್ಟರ್, ಅವಳ ತಮ್ಮನನ್ನು ಕೊಂದುಬಿಟ್ಟಿದ್ದಾರೆ. ಅವಳಿಗೆ ಗೊತ್ತಿಲ್ಲ. ಭಾನುವಾರದವರೆಗೆ ದಯವಿಟ್ಟು ಹೇಳಬೇಡಿ.”

“ಮುಚ್ಚಿಡುವುದು ತಪ್ಪಲ್ಲವೇ?” ಎಂದಳು ಕ್ಯಾರಲ್.

“ಮುಚ್ಚಿಡುತ್ತಿಲ್ಲ ಮೇಡಂ. ಒಂಟಿಯಾಗಿರುವವರಿಗೆ ಸಾವಿನ ಸುದ್ದಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಭಾನುವಾರ ನಮಗೆಲ್ಲ ರಜೆ. ಬೆಳಗಾಗುವ ಹೊತ್ತಿಗೆ ಒಟ್ಟಿಗೆ ಹೋಗಿ ಹೇಳುತ್ತೇವೆ, ಒಟ್ಟಿಗೆ ಅಳುತ್ತೇವೆ.”

ಸಮಿತಿ ಡೋನಟ್ ತಿನ್ನುತ್ತ ಚರ್ಚಿಸಿತು. ಸತ್ಯ ತಿಳಿಯುವುದು ರೋಗಿಯ ಹಕ್ಕು. ಆದ್ದರಿಂದ ಗುರುವಾರ, ನನ್ನ ಕೋಣೆಯಲ್ಲಿ, ನಾನೇ ಹೇಳತಕ್ಕದ್ದು. ಹೊಸ ಟಿಶ್ಯೂ ಡಬ್ಬಿಯೊಂದು ಮಂಜೂರಾಯಿತು. ಸಾಂಸ್ಕೃತಿಕ ಅಗತ್ಯವನ್ನು ಮರೆಯದ ಸದಸ್ಯರೊಬ್ಬರು, ಹಿನ್ನೆಲೆಯಲ್ಲಿ ಆಫ್ರಿಕಾದ ಡೋಲಿನ ರೆಕಾರ್ಡು ಹಾಕಿದರೆ ಹೇಗೆ ಎಂದರು. ಅಲ್ಮಾಜ್ ಚರ್ಚಿನ ಪಕ್ಕದ ಓಣಿಯಲ್ಲಿ ಸ್ತೋತ್ರ ಕೇಳುತ್ತ ಬೆಳೆದವಳು.

ಗುರುವಾರ ಅವಳು ಬಂದು ಕೂತಳು. ನಾನು ಹೋಟೆಲಿನ ಬಗ್ಗೆ ಕೇಳಿದೆ. ಒಂದೇ ತಲೆಗೆ ಇವರು ಅಷ್ಟೊಂದು ದಿಂಬು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಅವಳು ಅಚ್ಚರಿಪಟ್ಟಳು. ನಾನು ಹವೆಯ ಬಗ್ಗೆ ಮಾತಾಡಿದೆ, ಹಿಮದ ಬಗ್ಗೆ ಮಾತಾಡಿದೆ. ಕೊನೆಗೆ, “ಭಾನುವಾರ ಮನೆಯಲ್ಲೇ ಇರ್ತೀಯಲ್ಲ?” ಎಂದೆ. ಅವಳು ನನ್ನ ಮುಖ ನೋಡಿ, “ಇರ್ತೀನಿ” ಎಂದು ಎದ್ದು ಹೊರಟಳು. ಸಾವನ್ನು ಎದುರಿಸಲಾಗದ ವೈದ್ಯನಿಗೇ ಚಿಕಿತ್ಸೆ ಬೇಕೆಂದು ಸಮಿತಿ ಅಭಿಪ್ರಾಯಪಟ್ಟಿತು.

ಭಾನುವಾರ ನಾನು ಕೋಟು ಹಾಕಿಕೊಳ್ಳುವಾಗ ಹೆಂಡತಿ ಎದ್ದಳು. “ರೀ, ಇನ್ನೂ ಬೆಳಕೇ ಹರಿದಿಲ್ಲ, ಎಲ್ಲಿಗೆ ಡ್ರೈವ್ ಮಾಡ್ತೀರಿ?”

“ಸಾವಿನ ಮನೆಗೆ.”

“ಹಾಗಾದ್ರೆ ಬಂದ ತಕ್ಷಣ ಸೋಫಾ ಗೀಫಾ ಮುಟ್ಟದೆ ಸೀದಾ ಶವರ್‌ಗೆ ಹೋಗಿ” ಎಂದು ಮಗ್ಗುಲಾದಳು.

ಅಲ್ಮಾಜಳ ಬಾಗಿಲ ಮುಂದೆ ಬಿಳಿ ಶಾಲು ಹೊದ್ದ ಹೆಂಗಸರು, ಕಪ್ಪು ಕೋಟಿನ ಗಂಡಸರು ಸದ್ದಿಲ್ಲದೆ ನೆರೆದಿದ್ದರು. ಬಾಗಿಲು ತೆರೆಯಿತು. ತಾದೆಸ್ ಮೆಲ್ಲಗೆ ಏನೋ ಹೇಳಿದ. ಆಮೇಲೆ ಎದ್ದ ಕೂಗಿಗೆ ಇಡೀ ಕಟ್ಟಡದ ದೀಪಗಳು ಹೊತ್ತಿಕೊಂಡವು. ಹೆಂಗಸರು ಅವಳನ್ನು ತಬ್ಬಿ, ಎದೆ ಬಡಿದುಕೊಂಡು, ಸತ್ತವನ ಹೆಸರು ಹಿಡಿದು ಅತ್ತರು. ಕಿಟಕಿಯ ಗಾಜು ನಡುಗುವಂಥ ಅಳು. ನೆರೆಯವರು ತಮ್ಮ ಕರ್ತವ್ಯ ಮಾಡಿದರು: ಪೊಲೀಸರಿಗೆ ಫೋನು.

ಬಂದ ಪೊಲೀಸನಿಗೆ ಟೈ ಕಟ್ಟಿದ್ದ ನಾನೇ ಸಿಕ್ಕಿದೆ.

“ಇಲ್ಲಿ ಯಾರಿಗೆ ಏನಾಗಿದೆ?”

“ನಾನು ಆ ಹುಡುಗಿಯ ಮನೋವೈದ್ಯ.”

“ಏನು ಕಾಯಿಲೆ ಅವಳಿಗೆ?”

“ಕಾಯಿಲೆ ಏನಿಲ್ಲ. ತಮ್ಮ ತೀರಿಹೋಗಿದ್ದಾನೆ.”

ಅವನು ಟೋಪಿ ತೆಗೆದ. “ಯಾವಾಗ ನಿಲ್ಲುತ್ತದೆ?” ಎಂದು ಪಿಸುಗುಟ್ಟಿದ. ಗೊತ್ತಿಲ್ಲ ಎಂದೆ. ನನ್ನ ವೃತ್ತಿಯಲ್ಲಿ ಬಹಳ ಅಪರೂಪದ ಉತ್ತರ ಅದು. ಅವನು ತಲೆಯಾಡಿಸಿ, ನೆರೆಯವರಿಗೆ ಸಮಾಧಾನ ಹೇಳಲು ಮೆಟ್ಟಿಲಿಳಿದು ಹೋದ.

ಒಳಗೆ ಮುದುಕಿಯೊಬ್ಬಳು ನನ್ನ ಕೈಗೆ ಕಾಫಿಯ ಪುಟ್ಟ ಬಟ್ಟಲು ಕೊಟ್ಟು, ತನ್ನ ಭಾಷೆಯಲ್ಲಿ ಏನೋ ಕೇಳಿದಳು. “ನಿಮ್ಮ ಕಡೆ ಯಾರು ತೀರಿಹೋಗಿದ್ದಾರೆ ಅಂತ ಕೇಳ್ತಿದ್ದಾರೆ” ಎಂದ ತಾದೆಸ್.

“ಅಪ್ಪ” ಎಂದೆ.

ಹಿಂದಿನ ಚಳಿಗಾಲ ಟೆಲಿಗ್ರಾಂ ಬಂದಿತ್ತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಕಾರಿನ ಗಾಜು ಏರಿಸಿಕೊಂಡು ಅತ್ತು, ಮುಖ ಒರೆಸಿಕೊಂಡು ಮೇಲೆ ಹೋಗಿ ಮುಂದಿನ ರೋಗಿಯನ್ನು ಕರೆದಿದ್ದೆ. ಮುದುಕಿ ಅಪ್ಪನ ಹೆಸರು ಕೇಳಿದಳು.

“ವೆಂಕಟಸುಬ್ಬಯ್ಯ.”

ಅಷ್ಟುದ್ದದ ಹೆಸರು ಅವಳ ನಾಲಗೆಗೆ ಒಗ್ಗಲಿಲ್ಲ. “ಸುಬ್ಬಾಯ” ಎಂದಳು, ಇನ್ನೊಮ್ಮೆ “ಸುಬ್ಬಾಯ” ಎಂದು ಶಾಲನ್ನು ಮುಖಕ್ಕೆಳೆದುಕೊಂಡು ಅಳತೊಡಗಿದಳು. ಪಕ್ಕದವಳು ಆ ಅಳುವಿಗೆ ದನಿಗೂಡಿಸಿದಳು, ಅವಳ ಪಕ್ಕದವಳೂ. ಅಲ್ಮಾಜ್ ತಲೆಯೆತ್ತಿ ನನ್ನನ್ನು ನೋಡಿ, ತನ್ನ ತಮ್ಮನ ಹೆಸರಿನ ಜೊತೆ ನನ್ನ ಅಪ್ಪನ ಹೆಸರನ್ನೂ ಸೇರಿಸಿ ಕೂಗಿದಳು. ನಾನು ಬಟ್ಟಲನ್ನು ನೆಲದ ಮೇಲಿಟ್ಟು, ಬಾಯಿಬಿಟ್ಟು ಅತ್ತೆ.